ಆಫೀಸಿಗೆ ಹೊಸ ತಂತ್ರಜ್ಞಾನ ಬಂದಾಗ: ‘ಚೇಂಜ್ ಮ್ಯಾನೇಜ್‌ಮೆಂಟ್’ ಅಂದ್ರೆ ಏನು, ಅದರಲ್ಲಿ ನಿಮ್ಮ ಮಾತಿಗೆಷ್ಟು ಬೆಲೆ?

ಎಂಜಿನಿಯರಿಂಗ್ ಮುಗಿಸಿ ಸೇರಿದ ಮೊದಲ ಕೆಲಸದಲ್ಲಿ ನನ್ನನ್ನು ಒಂದು ಗೋದಾಮಿಗೆ ಕಳಿಸಿದ್ದರು. ಬೆಂಗಳೂರಿನ ಹೊರವಲಯ, ತಗಡಿನ ಚಾವಣಿ, ಬೆಳಗ್ಗೆ ಆರಕ್ಕೇ ಲಾರಿಗಳ ಸಾಲು. ಅಲ್ಲಿನ ಸ್ಟಾಕ್ ಲೆಕ್ಕವನ್ನು ಪುಸ್ತಕದಿಂದ ಸಾಫ್ಟ್‌ವೇರ್‌ಗೆ ತರೋದು ನಮ್ಮ ತಂಡದ ಕೆಲಸ. ಪ್ರತಿ ಡಬ್ಬದ ಮೇಲಿನ ಬಾರ್‌ಕೋಡ್ ಸ್ಕ್ಯಾನ್ ಆಗಬೇಕು, ಪುಸ್ತಕ ಮುಚ್ಚಬೇಕು. ನಮ್ಮ ಬಳಿ ಒಂದು ಎಕ್ಸೆಲ್ ಪಟ್ಟಿ ಇತ್ತು. ಅದರಲ್ಲಿ ಪ್ರತಿ ಕೆಲಸಗಾರನ ಹೆಸರಿನ ಮುಂದೆ ಹಸಿರು, ಹಳದಿ ಅಥವಾ ಕೆಂಪು ಬಣ್ಣ. ಕೆಂಪು ಅಂದ್ರೆ ‘ಬದಲಾವಣೆಗೆ ವಿರೋಧ ಇದೆ’ ಅಂತ.

ಕೆಂಪು ಬಣ್ಣದ ಮೊದಲ ಹೆಸರು ಅಲ್ಲಿನ ಹಿರಿಯ ಸೂಪರ್‌ವೈಸರ್ ಒಬ್ಬರದು. ಇಪ್ಪತ್ತು ವರ್ಷದಿಂದ ಅಲ್ಲೇ ಇದ್ದವರು. ನನಗಿಂತ ದುಪ್ಪಟ್ಟು ವಯಸ್ಸು, ಆದರೂ ನನ್ನನ್ನು ‘ಸಾರ್’ ಅಂತಲೇ ಕರೀತಿದ್ದರು. ತರಬೇತಿಯ ದಿನ ಅವರು ಕೇಳಿದ್ದು ಒಂದೇ ಪ್ರಶ್ನೆ: “ಸಾರ್, ಡಬ್ಬ ಒದ್ದೆ ಆಗಿದ್ರೆ ನಿಮ್ಮ ಮಿಷಿನ್‌ಗೆ ಗೊತ್ತಾಗುತ್ತಾ?” ಎಲ್ಲರೂ ನಕ್ಕರು, ನಾನೂ ನಕ್ಕೆ. ಹೊಸ ವ್ಯವಸ್ಥೆ ಶುರುವಾದ ಮೂರನೇ ದಿನಕ್ಕೆ ಕಂಪ್ಯೂಟರ್‌ನಲ್ಲಿರುವ ಸ್ಟಾಕಿಗೂ ನೆಲದ ಮೇಲಿರುವ ಸ್ಟಾಕಿಗೂ ತಾಳೆಯಾಗದೆ ಹೋಯಿತು. ಒದ್ದೆಯಾದ ಡಬ್ಬಗಳ ಬಾರ್‌ಕೋಡ್ ಓದಲಾಗುತ್ತಿರಲಿಲ್ಲ, ಹುಡುಗರು ಅವನ್ನು ಪಕ್ಕಕ್ಕಿಟ್ಟು ಮುಂದೆ ಹೋಗ್ತಿದ್ದರು. ಕೊನೆಗೆ ಲೆಕ್ಕ ಸರಿಹೋಗಿದ್ದು ಅವರ ಪುಸ್ತಕದಿಂದ. ಯಾವ ಲಾರಿಯಲ್ಲಿ ಎಷ್ಟು ಡಬ್ಬ ನೆನೆದಿತ್ತು ಅನ್ನೋದನ್ನು ಅವರು ಬರೆದಿಟ್ಟುಕೊಂಡಿದ್ದರು.

ನಮ್ಮ ಪಟ್ಟಿಯಲ್ಲಿ ಅವರ ಬಣ್ಣ ಮಾತ್ರ ಕೊನೆಯವರೆಗೂ ಕೆಂಪಾಗಿಯೇ ಉಳಿಯಿತು.

ಈಗ ಪ್ರತಿ ಕಂಪನಿಯಲ್ಲೂ ಎಐ ಹೆಸರಿನಲ್ಲಿ ಹೊಸ ವ್ಯವಸ್ಥೆಗಳು ಬರುತ್ತಿವೆ. ಜೊತೆಗೇ ‘ಚೇಂಜ್ ಮ್ಯಾನೇಜ್‌ಮೆಂಟ್’ ಅನ್ನೋ ಪದವೂ ಬರುತ್ತದೆ. ಎಚ್‌ಆರ್ ಕಳಿಸುವ ಇಮೇಲ್‌ನಲ್ಲಿ, ಟೌನ್‌ಹಾಲ್ ಸಭೆಯಲ್ಲಿ ಈ ಪದ ಕೇಳಿರುತ್ತೀರಿ. ಇದರ ಅರ್ಥ ಏನು, ಎಲ್ಲಿಂದ ಬಂತು, ಎಲ್ಲಿ ಗೆದ್ದಿದೆ, ಎಲ್ಲಿ ಸೋತಿದೆ, ಕಾನೂನು ಏನು ಹೇಳುತ್ತೆ ಅನ್ನೋದನ್ನು ಒಂದೇ ಕಡೆ ನೋಡೋಣ.

ಪದದ ಅರ್ಥ ಮತ್ತು ಮೂರು ಪ್ರಸಿದ್ಧ ಮಾದರಿಗಳು

ಸರಳವಾಗಿ ಹೇಳಬೇಕೆಂದರೆ, ಒಂದು ಸಂಸ್ಥೆ ಹೊಸ ಯಂತ್ರವನ್ನೋ ಸಾಫ್ಟ್‌ವೇರನ್ನೋ ತಂದಾಗ ಅಲ್ಲಿ ಕೆಲಸ ಮಾಡುವ ಜನ ಅದಕ್ಕೆ ಒಗ್ಗಿಕೊಳ್ಳುವಂತೆ ಮಾಡುವ ಯೋಜನೆಯೇ ಚೇಂಜ್ ಮ್ಯಾನೇಜ್‌ಮೆಂಟ್. ಯಂತ್ರ ತರೋದು ಖರೀದಿ ವಿಭಾಗದ ಕೆಲಸ. ಆ ಯಂತ್ರದ ಸುತ್ತ ಯಾರು ಏನು ಮಾಡಬೇಕು, ಯಾರ ಅಧಿಕಾರ ಹೆಚ್ಚುತ್ತೆ, ಯಾರ ಕೌಶಲಕ್ಕೆ ಬೆಲೆ ಕಡಿಮೆಯಾಗುತ್ತೆ ಅನ್ನೋದೆಲ್ಲ ಇದರ ವ್ಯಾಪ್ತಿಗೆ ಬರುತ್ತದೆ.

ಈ ವಿಷಯದ ಪಾಠಗಳು ಸಾಮಾನ್ಯವಾಗಿ ಕರ್ಟ್ ಲೆವಿನ್ ಹೆಸರಿನಿಂದ ಶುರುವಾಗುತ್ತವೆ. ನಾಜಿಗಳು ಅಧಿಕಾರಕ್ಕೆ ಬಂದಾಗ ಜರ್ಮನಿ ಬಿಟ್ಟು ಅಮೆರಿಕಕ್ಕೆ ಹೋದ ಯಹೂದಿ ಮನಶ್ಶಾಸ್ತ್ರಜ್ಞ ಆತ. 1947ರ ಬರಹವೊಂದರಲ್ಲಿ ಬದಲಾವಣೆಗೆ ಮೂರು ಹಂತ ಇದೆ ಅಂದ. ಮೊದಲು ಹಳೆಯ ರೂಢಿಯನ್ನು ಸಡಿಲಿಸಬೇಕು, ಆಮೇಲೆ ಹೊಸದರ ಕಡೆ ಸಾಗಬೇಕು, ಕೊನೆಗೆ ಅದನ್ನೇ ಗಟ್ಟಿ ಮಾಡಬೇಕು. ಹಾರ್ವರ್ಡ್‌ನ ಜಾನ್ ಕಾಟರ್ 1995ರಲ್ಲಿ ಬರೆದ ಲೇಖನ ಮತ್ತು ಮರುವರ್ಷದ ಪುಸ್ತಕದಿಂದ ‘ಎಂಟು ಹೆಜ್ಜೆ’ಗಳ ಮಾದರಿ ಬಂತು: ತುರ್ತಿನ ಭಾವನೆ ಮೂಡಿಸುವುದರಿಂದ ಶುರುಮಾಡಿ, ಬದಲಾವಣೆಯನ್ನು ಸಂಸ್ಥೆಯ ಸಂಸ್ಕೃತಿಯಲ್ಲೇ ಬೇರೂರಿಸುವವರೆಗೆ. ಮೂರನೆಯದು ಜೆಫ್ ಹಯಾಟ್ ರೂಪಿಸಿದ ‘ಆಡ್ಕರ್’. ಪ್ರತಿಯೊಬ್ಬ ನೌಕರನಲ್ಲೂ ಅರಿವು, ಆಸೆ, ಜ್ಞಾನ, ಸಾಮರ್ಥ್ಯ, ಬಲವರ್ಧನೆ ಅನ್ನೋ ಐದು ಅಂಶ ಒಂದಾದ ಮೇಲೊಂದು ಬರಬೇಕು ಅನ್ನೋದು ಅದರ ತಿರುಳು.

ಮೂರರಲ್ಲೂ ಉಪಯೋಗದ ಮಾತುಗಳಿವೆ. ಆದರೆ ಇವು ಕಾರ್ಪೊರೇಟ್ ತರಬೇತಿ ಕೋಣೆಗೆ ಬರೋ ಹೊತ್ತಿಗೆ ಒಂದು ತೀರ್ಮಾನ ಆಗಲೇ ಆಗಿಹೋಗಿರುತ್ತದೆ. ಏನು ಬದಲಾಗಬೇಕು ಅನ್ನೋದನ್ನು ಮೇಲಿನವರು ನಿರ್ಧರಿಸಿರುತ್ತಾರೆ. ಕೆಳಗಿನವರು ಅದನ್ನು ಎಷ್ಟು ಬೇಗ ಒಪ್ಪುತ್ತಾರೆ ಅನ್ನೋದಷ್ಟೇ ಉಳಿದ ಪ್ರಶ್ನೆ. ಒಪ್ಪದವರಿಗೆ ಕೆಂಪು ಬಣ್ಣ.

ತಮಾಷೆ ಅಂದ್ರೆ, ಈ ಶಾಸ್ತ್ರದ ಹಳೆಯ ಪ್ರಯೋಗಗಳೇ ಬೇರೆ ಕಥೆ ಹೇಳುತ್ತವೆ.

ಪೈಜಾಮ ಕಾರ್ಖಾನೆಯ ಪಾಠ

ಅಮೆರಿಕದ ವರ್ಜೀನಿಯಾ ರಾಜ್ಯದ ಮೇರಿಯನ್ ಊರಿನಲ್ಲಿ ಹಾರ್ವುಡ್ ಅನ್ನೋ ಪೈಜಾಮ ಕಾರ್ಖಾನೆ ಇತ್ತು. ಕೆಲಸಗಾರರಲ್ಲಿ ಹೆಚ್ಚಿನವರು ಹೆಂಗಸರು, ಪೀಸ್‌ರೇಟ್ ಕೂಲಿ. ಕೆಲಸದ ವಿಧಾನ ಸ್ವಲ್ಪ ಬದಲಾದರೂ ಜನ ಕೆಲಸ ಬಿಡೋದು, ಉತ್ಪಾದನೆ ಕುಸಿಯೋದು ಅಲ್ಲಿ ಮಾಮೂಲಾಗಿತ್ತು. ಇದು ಯಾಕೆ ಅಂತ ಲೆಸ್ಟರ್ ಕೋಚ್ ಮತ್ತು ಜಾನ್ ಫ್ರೆಂಚ್ ಪ್ರಯೋಗ ಮಾಡಿ 1948ರಲ್ಲಿ ಪ್ರಕಟಿಸಿದರು.

ಒಂದು ಗುಂಪಿಗೆ ಎಂದಿನಂತೆ ಸಭೆ ಕರೆದು, ‘ಇನ್ನು ಮುಂದೆ ಹೀಗೆ, ಹೊಸ ದರ ಇಷ್ಟು’ ಅಂತ ಹೇಳಲಾಯಿತು. ಬದಲಾವಣೆ ಅಂಥ ದೊಡ್ಡದೇನಲ್ಲ. ಇಸ್ತ್ರಿ ಮಾಡಿದ ಬಟ್ಟೆಯನ್ನು ಅರ್ಧ ಡಜನ್‌ನಂತೆ ರಟ್ಟಿನ ಹಾಳೆ ಮೇಲೆ ಜೋಡಿಸುತ್ತಿದ್ದವರು ಇನ್ನು ಡಬ್ಬದಲ್ಲಿ ಜೋಡಿಸಬೇಕು, ಅಷ್ಟೇ. ಈ ಗುಂಪಿನ ಉತ್ಪಾದನೆ ಬಿದ್ದಿದ್ದು ಮೇಲೇಳಲೇ ಇಲ್ಲ. ಮೊದಲ 40 ದಿನದಲ್ಲೇ ಶೇ. 17ರಷ್ಟು ಜನ ಕೆಲಸ ಬಿಟ್ಟರು. ಇನ್ನೆರಡು ಚಿಕ್ಕ ಗುಂಪುಗಳಲ್ಲಿ ಎಲ್ಲ ಕೆಲಸಗಾರರೂ ಕೂತು ಹೊಸ ವಿಧಾನ ಹೇಗಿರಬೇಕು ಅಂತ ಚರ್ಚಿಸಿದರು. ಅಲ್ಲಿ ಉತ್ಪಾದನೆ ಬೇಗ ಚೇತರಿಸಿಕೊಂಡು ಮೊದಲಿಗಿಂತ ಸುಮಾರು ಶೇ. 14ರಷ್ಟು ಹೆಚ್ಚಾಯಿತು. ಯಾರೂ ಕೆಲಸ ಬಿಡಲಿಲ್ಲ.

ನನಗೆ ಮುಖ್ಯ ಅನಿಸಿದ್ದು ಆಮೇಲಿನ ಭಾಗ. ಮೊದಲ ಗುಂಪಿನಲ್ಲಿ ಉಳಿದವರನ್ನು ಕೆಲವು ತಿಂಗಳ ನಂತರ ಮತ್ತೊಂದು ಹೊಸ ಕೆಲಸಕ್ಕೆ ಹಾಕಿದರು. ಈ ಸಲ ಅವರನ್ನೂ ಕೂರಿಸಿ ಮಾತಾಡಿಸಿದರು. ‘ವಿರೋಧಿಗಳು’ ಅನಿಸಿಕೊಂಡಿದ್ದ ಅದೇ ಜನ ಬೇಗನೆ ಹೊಸ ಕೆಲಸಕ್ಕೆ ಹೊಂದಿಕೊಂಡರು. ಅಂದರೆ ಮೊದಲ ಸಲದ ತೊಂದರೆ ಅವರ ಸ್ವಭಾವದ್ದಾಗಿರಲಿಲ್ಲ, ಅವರನ್ನು ನಡೆಸಿಕೊಂಡ ರೀತಿಯದಾಗಿತ್ತು.

ಅಹಮದಾಬಾದಿನ ಮಗ್ಗಗಳು

ಇದೆಲ್ಲ ಅಮೆರಿಕದ ಮಾತು ಅನ್ನೋರಿಗೆ ನಮ್ಮದೇ ದೇಶದ ಉದಾಹರಣೆಯೂ ಇದೆ. ಅಹಮದಾಬಾದಿನ ಕ್ಯಾಲಿಕೊ ಮಿಲ್‌ಗೆ 1950ರ ದಶಕದ ಆರಂಭದಲ್ಲಿ ಸ್ವಯಂಚಾಲಿತ ಮಗ್ಗಗಳು ಬಂದವು. ಕೆಲಸವನ್ನು ಸಣ್ಣ ಸಣ್ಣ ತುಂಡು ಮಾಡಿ, ನೂಲು ಗಂಟು ಹಾಕೋನು ಒಬ್ಬ, ಲಾಳಿ ತುಂಬೋನು ಇನ್ನೊಬ್ಬ, ಎಣ್ಣೆ ಬಿಡೋನು ಮತ್ತೊಬ್ಬ ಅಂತ ಹಂಚಲಾಗಿತ್ತು. ಯಂತ್ರ ಹೊಸದು, ಲೆಕ್ಕಾಚಾರ ಪಕ್ಕಾ. ಆದರೂ ನಿರೀಕ್ಷಿಸಿದಷ್ಟು ಬಟ್ಟೆ ಬರ್ತಿರಲಿಲ್ಲ, ಹಾಳಾಗೋದು ಜಾಸ್ತಿ.

1953ರಲ್ಲಿ ಲಂಡನ್ನಿನ ಟಾವಿಸ್ಟಾಕ್ ಸಂಸ್ಥೆಯ ಎ.ಕೆ. ರೈಸ್ ಅಲ್ಲಿಗೆ ಬಂದ. ಮಗ್ಗಗಳ ಒಂದು ಸಾಲಿನ ಹೊಣೆಯನ್ನು ಒಂದು ಚಿಕ್ಕ ತಂಡಕ್ಕೇ ಕೊಟ್ಟರೆ ಹೇಗೆ ಅಂತ ಸೂಚಿಸಿದ. ಆ ಮಾತನ್ನು ಕೈಗೆತ್ತಿಕೊಂಡು ಯಾರು ಯಾವ ತಂಡ, ಕೆಲಸ ಹಂಚಿಕೆ ಹೇಗೆ ಅಂತ ತೀರ್ಮಾನಿಸಿದವರು ಕಾರ್ಮಿಕರು ಮತ್ತು ಅವರ ಮೇಲ್ವಿಚಾರಕರು. ಏಳು ಜನರ ತಂಡಕ್ಕೆ 64 ಮಗ್ಗ. ಕೆಲವು ವಾರಗಳಲ್ಲಿ ಉತ್ಪಾದನೆ ಏರಿತು, ಹಾಳಾಗುವ ಬಟ್ಟೆ ಇಳಿಯಿತು. ಯಂತ್ರಗಳು ಅವೇ, ಜನರೂ ಅವರೇ. ಕೆಲಸದ ಮೇಲೆ ಅವರಿಗಿದ್ದ ಹಿಡಿತ ಮಾತ್ರ ಬೇರೆ.

ಇದೂ ಶಾಶ್ವತವಾಗಿ ಉಳಿಯಲಿಲ್ಲ ಅನ್ನೋದನ್ನು ಮರೆಯಬಾರದು. ಸುಮಾರು 17 ವರ್ಷ ಆದಮೇಲೆ ಅದೇ ಟಾವಿಸ್ಟಾಕ್‌ನ ಎರಿಕ್ ಮಿಲ್ಲರ್ ಮತ್ತೆ ನೋಡಿದಾಗ ಒಂದು ವಿಭಾಗದಲ್ಲಿ ತಂಡದ ಪದ್ಧತಿ ಹೆಚ್ಚುಕಡಿಮೆ ಹಾಗೇ ಇತ್ತು, ಬೇರೆ ಕಡೆ ಸವೆದುಹೋಗಿತ್ತು. ಮಾರುಕಟ್ಟೆಯ ಒತ್ತಡ ಬಂದಾಗ ಮೇಲಿನವರು ಕೊಟ್ಟ ಸ್ವಾತಂತ್ರ್ಯ ಮೆಲ್ಲಗೆ ಹಿಂದಕ್ಕೆ ಹೋಗುತ್ತದೆ. ಹಾಗಾಗಿ ಮುಂದಿನ ಉದಾಹರಣೆ ಮುಖ್ಯ. ಇಲ್ಲಿ ಎಲ್ಲವೂ ಲಿಖಿತ ಒಪ್ಪಂದದಲ್ಲಿತ್ತು.

ಬ್ಯಾಂಕಿಗೆ ಕಂಪ್ಯೂಟರ್ ಬಂದ ಕಥೆ

1906ರಲ್ಲಿ ಶುರುವಾದ ಕೆನರಾ, ಕಾರ್ಪೊರೇಷನ್, ಆಮೇಲೆ ಸಿಂಡಿಕೇಟ್, ವಿಜಯ. ಈ ನಾಲ್ಕೂ ಹುಟ್ಟಿದ್ದು ಮಂಗಳೂರು, ಉಡುಪಿಯಲ್ಲಿ. ರಾಷ್ಟ್ರೀಕರಣವಾದ ಬ್ಯಾಂಕುಗಳಲ್ಲಿ ನಾಲ್ಕು ನಮ್ಮ ಕರಾವಳಿಯವೇ. ಹಾಗಾಗಿ ಈ ಕಥೆ ಕರ್ನಾಟಕದ ಎಷ್ಟೋ ಮನೆಗಳ ಕಥೆಯೂ ಹೌದು. 1980ರ ದಶಕದ ಶಾಖೆಯೊಂದನ್ನು ನೆನಪಿಸಿಕೊಳ್ಳಿ, ಅಥವಾ ಮನೆಯ ಹಿರಿಯರನ್ನು ಕೇಳಿ. ಚೆಕ್ ಕೊಟ್ಟರೆ ಹಿತ್ತಾಳೆ ಟೋಕನ್. ಗುಮಾಸ್ತ ದಪ್ಪ ಲೆಡ್ಜರ್ ತೆಗೆದು ಬರೆಯಬೇಕು, ಅಧಿಕಾರಿ ಪರೀಕ್ಷಿಸಿ ಸಹಿ ಹಾಕಬೇಕು. ಸಂಜೆ ಲೆಕ್ಕ ತಾಳೆಯಾಗೋವರೆಗೆ ಯಾರೂ ಮನೆಗೆ ಹೋಗೋ ಹಾಗಿಲ್ಲ.

ಕಂಪ್ಯೂಟರ್ ಬರುತ್ತೆ ಅಂದಾಗ ನೌಕರರ ಸಂಘಗಳು ವಿರೋಧಿಸಿದವು. ಇದು ಹೊಸದೇನಾಗಿರಲಿಲ್ಲ. 1960ರ ದಶಕದಲ್ಲೇ ಕಲ್ಕತ್ತಾದ ಎಲ್‌ಐಸಿ ಕಚೇರಿಗೆ ಕಂಪ್ಯೂಟರ್ ಬರದಂತೆ ನೌಕರರು ಹಗಲುರಾತ್ರಿ ಕಾವಲು ಕೂತಿದ್ದರು. ಈ ವಿರೋಧವನ್ನು ಇವತ್ತಿಗೂ ‘ಪ್ರಗತಿಗೆ ಅಡ್ಡಗಾಲು’ ಅಂತ ಹಂಗಿಸುವುದು ರೂಢಿ. ಆದರೆ ಬ್ಯಾಂಕುಗಳಲ್ಲಿ ಮುಂದೆ ನಡೆದಿದ್ದು ಬೇರೆ.

1983ರ ಸೆಪ್ಟೆಂಬರ್ 8ರಂದು ಬ್ಯಾಂಕುಗಳ ಪರವಾಗಿ ಐಬಿಎ ಮತ್ತು ನೌಕರರ ಸಂಘಗಳಾದ ಎಐಬಿಇಎ, ಎನ್‌ಸಿಬಿಇ ಯಾಂತ್ರೀಕರಣದ ಬಗ್ಗೆ ಒಪ್ಪಂದಕ್ಕೆ ಸಹಿ ಹಾಕಿದವು. ಅದೇ ಹೊತ್ತಿಗೆ ಆರ್‌ಬಿಐ ನೇಮಿಸಿದ ಸಿ. ರಂಗರಾಜನ್ ಸಮಿತಿ 1984ರಲ್ಲಿ ಶಾಖೆಗಳ ಯಾಂತ್ರೀಕರಣಕ್ಕೆ ನಕ್ಷೆ ಕೊಟ್ಟಿತು. ಅವರದೇ ಎರಡನೇ ಸಮಿತಿ 1989ರಲ್ಲಿ ಮುಂದಿನ ಹೆಜ್ಜೆಗಳನ್ನು ಹೇಳಿತು. 1987 ಮತ್ತು 1993ರಲ್ಲಿ ಮತ್ತೆರಡು ಒಪ್ಪಂದಗಳಾದವು. ಯಾವ ಬಗೆಯ ಯಂತ್ರ, ಎಂಥ ಶಾಖೆಗೆ, ಎಷ್ಟು ಅನ್ನೋದು ಚೌಕಾಸಿಯ ವಿಷಯವಾಯಿತು. ಯಂತ್ರ ನಡೆಸುವ ಗುಮಾಸ್ತರಿಗೆ ವಿಶೇಷ ಭತ್ಯೆ ಬಂತು. ಮೊದಲು ಲೆಡ್ಜರ್ ಪೋಸ್ಟಿಂಗ್ ಯಂತ್ರ, ಆಮೇಲೆ ಇಡೀ ಶಾಖೆಯ ಕಂಪ್ಯೂಟರೀಕರಣ, ಕೊನೆಗೆ ಎಲ್ಲ ಶಾಖೆಗಳನ್ನೂ ಒಂದೇ ಕಡೆ ಜೋಡಿಸುವ ಕೋರ್ ಬ್ಯಾಂಕಿಂಗ್. ಹೀಗೆ ಹಂತ ಹಂತವಾಗಿ ಸಾಗಿತು.

ನಿಧಾನ ಅನ್ನೋರಿದ್ದರು. 1998ರಲ್ಲಿ ಕೇಂದ್ರ ಜಾಗೃತ ಆಯುಕ್ತ ಎನ್. ವಿಠ್ಠಲ್, 2001ರ ಜನವರಿ 1ರೊಳಗೆ ಶೇ. 70ರಷ್ಟು ವಹಿವಾಟು ಕಂಪ್ಯೂಟರ್‌ಗೆ ಬರಲೇಬೇಕು ಅಂತ ಸರ್ಕಾರಿ ಬ್ಯಾಂಕುಗಳಿಗೆ ಆದೇಶ ಕೊಟ್ಟರು. ಭ್ರಷ್ಟಾಚಾರ ತಡೆಯಬೇಕಾದ ಸಂಸ್ಥೆ ಕಂಪ್ಯೂಟರ್‌ಗೆ ಗಡುವು ಹಾಕಿತು. 2000ದ ದಶಕದಲ್ಲಿ ಎಸ್‌ಬಿಐ ತನ್ನ ಸಾವಿರಾರು ಶಾಖೆಗಳನ್ನು ಕೋರ್ ಬ್ಯಾಂಕಿಂಗ್‌ಗೆ ತಂದಿತು. 2007ರಲ್ಲಿ ಅಧ್ಯಕ್ಷ ಓ.ಪಿ. ಭಟ್ ಅವಧಿಯಲ್ಲಿ ‘ಪರಿವರ್ತನ್’ ಹೆಸರಿನ ಎರಡು ದಿನದ ಕಾರ್ಯಾಗಾರಗಳಲ್ಲಿ ಲಕ್ಷಕ್ಕೂ ಹೆಚ್ಚು ನೌಕರರನ್ನು ಕೂರಿಸಿ, ಬ್ಯಾಂಕು ಯಾಕೆ ಬದಲಾಗಬೇಕು ಅಂತ ಮಾತಾಡಲಾಯಿತು. ಬೆಂಗಳೂರಿನ ಇನ್ಫೋಸಿಸ್‌ನ ಫಿನಾಕಲ್‌ನಂಥ ಸಾಫ್ಟ್‌ವೇರ್ ಬೆಳೆದಿದ್ದು ಇದೇ ಬ್ಯಾಂಕುಗಳ ಕೌಂಟರ್‌ಗಳಲ್ಲಿ. ಲೆಡ್ಜರ್ ಬರೆಯುತ್ತಿದ್ದ ಅಪ್ಪ ಅಮ್ಮಂದಿರ ಮಕ್ಕಳು ಆ ಲೆಡ್ಜರ್ ಮುಚ್ಚಿಸುವ ಕೋಡ್ ಬರೆದರು ಅಂದರೂ ತಪ್ಪಿಲ್ಲ.

ಇಷ್ಟು ದೊಡ್ಡ ಬದಲಾವಣೆ ದೇಶದ ಬ್ಯಾಂಕಿಂಗ್ ನಿಲ್ಲದೇ ಆಗಿದ್ದು ಸಣ್ಣ ಸಂಗತಿಯಲ್ಲ. ಸಂಘಗಳ ವಿರೋಧ ಕಂಪ್ಯೂಟರನ್ನು ತಡೆಯಲಿಲ್ಲ. ಅದಕ್ಕೊಂದು ಷರತ್ತು, ಒಂದು ವೇಗ ಗೊತ್ತುಮಾಡಿತು. ಯಂತ್ರದಿಂದ ಬಂದ ಲಾಭದಲ್ಲಿ ನೌಕರರಿಗೂ ಒಂದಷ್ಟು ಪಾಲು ಕೊಡಿಸಿತು.

ಮಾತುಕತೆಯ ಮೇಜಿನಲ್ಲಿ ಇಲ್ಲದವರು

ಇಲ್ಲಿಗೇ ನಿಲ್ಲಿಸಿದರೆ ಇದು ಸುಖಾಂತ್ಯ. ಆದರೆ ಪೂರ್ತಿ ಲೆಕ್ಕ ಹಾಕಬೇಕಲ್ಲ.

2000-01ರಲ್ಲಿ ಸರ್ಕಾರಿ ಬ್ಯಾಂಕುಗಳು ಸ್ವಯಂ ನಿವೃತ್ತಿ ಯೋಜನೆ ತಂದವು. ಸುಮಾರು ಒಂದು ಲಕ್ಷ ಜನ ಹೊರನಡೆದರು. ಅವರಿಗೆ ಪರಿಹಾರ ಸಿಕ್ಕಿತು. ಇನ್ನೊಂದು ಕಡೆ, ಹೊಸ ಗುಮಾಸ್ತರ ನೇಮಕಾತಿ ವರ್ಷಗಟ್ಟಲೆ ಬಹುತೇಕ ಸ್ಥಗಿತವಾಗಿತ್ತು. ಒಳಗಿದ್ದವರನ್ನು ಯಾರೂ ಕಿತ್ತು ಹಾಕಲಿಲ್ಲ ನಿಜ, ಒಳಗೆ ಬರಬೇಕಿದ್ದವರಿಗೆ ಬಾಗಿಲೇ ತೆರೆಯಲಿಲ್ಲ. ಪದವಿ ಮುಗಿಸಿ ಬ್ಯಾಂಕ್ ಪರೀಕ್ಷೆಗೆ ಕಾಯುತ್ತಿದ್ದ ಆ ಹುಡುಗ ಹುಡುಗಿಯರಿಗೆ ಸಂಘ ಇರಲಿಲ್ಲ, ಒಪ್ಪಂದದಲ್ಲಿ ಸಹಿ ಇರಲಿಲ್ಲ. ಅವರು ಯಾವ ಕೆಲಸವನ್ನೂ ‘ಕಳೆದುಕೊಳ್ಳಲಿಲ್ಲ’, ಹಾಗಾಗಿ ಯಾವ ಪಟ್ಟಿಯಲ್ಲೂ ಅವರ ಹೆಸರಿಲ್ಲ.

ಅಂಚಿನಲ್ಲಿದ್ದವರ ಕಥೆ ಇನ್ನೊಂದು. ಸಿಂಡಿಕೇಟ್ ಬ್ಯಾಂಕಿನ ಹೆಸರಿನ ಜೊತೆಗೇ ಬರುವ ಪಿಗ್ಮಿ ಯೋಜನೆ 1928ರಲ್ಲಿ ಶುರುವಾದದ್ದು. ಅಂಗಡಿ ಅಂಗಡಿ, ಮನೆ ಮನೆ ಸುತ್ತಿ ದಿನದ ಉಳಿತಾಯ ಸಂಗ್ರಹಿಸುತ್ತಿದ್ದವರು ಪಿಗ್ಮಿ ಏಜೆಂಟರು. ಕಾನೂನಿನ ಕಣ್ಣಲ್ಲಿ ತಾವು ‘ಕಾರ್ಮಿಕರು’ ಅಂತ ಅನಿಸಿಕೊಳ್ಳೋದಕ್ಕೇ ಅವರು ಸುಪ್ರೀಂ ಕೋರ್ಟ್‌ವರೆಗೆ ಹೋಗಬೇಕಾಯಿತು. ಡೆಪಾಸಿಟ್ ಸಂಗ್ರಹಿಸುವವರು ಕಾರ್ಮಿಕರೇ ಅಂತ 2001ರಲ್ಲಿ ಕೋರ್ಟ್ ಒಪ್ಪಿತು. ಆದರೆ ಕಾಯಂ ನೌಕರರ ಸ್ಥಾನ ಸಿಗಲಿಲ್ಲ.

ಮಾತುಕತೆ ನಡೆದರೆ ಸಾಲದು, ಯಾರ ಪರವಾಗಿ ನಡೆಯಿತು ಅನ್ನೋದನ್ನೂ ಕೇಳಬೇಕು. ಇವತ್ತು ಕಂಪನಿಯೊಂದು ‘ನಾವು ಯಾರನ್ನೂ ತೆಗೆದಿಲ್ಲ, ಫ್ರೆಶರ್‌ಗಳ ನೇಮಕಾತಿ ಮಾತ್ರ ಕಡಿಮೆ ಮಾಡಿದ್ದೀವಿ’ ಅಂದಾಗ ಕೆಲಸ ಕಳೆದುಕೊಂಡವರು ಯಾರೂ ಇಲ್ಲ ಅಂತಲ್ಲ. ಅವರಿನ್ನೂ ಕಾಲೇಜಿನ ಕೊನೇ ಸೆಮಿಸ್ಟರ್‌ನಲ್ಲಿದ್ದಾರೆ.

ಯಂತ್ರದ ಮಾತೇ ಅಂತಿಮವಾದಾಗ

ಕೆಳಗಿನವರ ಮಾತು ಕೇಳದಿದ್ದರೆ ಏನಾಗುತ್ತೆ ಅನ್ನೋದಕ್ಕೆ ಬ್ರಿಟನ್ನಿನ ಅಂಚೆ ಇಲಾಖೆಗಿಂತ ಕೆಟ್ಟ ಉದಾಹರಣೆ ಸಿಗೋದು ಕಷ್ಟ. 1999ರಿಂದ ಅಲ್ಲಿನ ಅಂಚೆ ಶಾಖೆಗಳಿಗೆ ಫುಜಿತ್ಸು ಕಂಪನಿಯ ‘ಹೊರೈಜನ್’ ಅನ್ನೋ ಲೆಕ್ಕಪತ್ರ ವ್ಯವಸ್ಥೆ ಬಂತು. ಸ್ವಲ್ಪ ದಿನದಲ್ಲೇ ಶಾಖೆ ನಡೆಸುವ ಸಬ್‌ಪೋಸ್ಟ್‌ಮಾಸ್ಟರ್‌ಗಳ ಲೆಕ್ಕದಲ್ಲಿ ಹಣ ಕೊರತೆ ಕಾಣತೊಡಗಿತು. ‘ನಾವು ತೆಗೆದಿಲ್ಲ, ಕಂಪ್ಯೂಟರ್ ತಪ್ಪು ತೋರಿಸ್ತಿದೆ’ ಅಂತ ಅವರು ಸಹಾಯವಾಣಿಗೆ ಹೇಳಿದರು. ಈ ತೊಂದರೆ ನಿಮಗೊಬ್ಬರಿಗೇ ಬಂದಿರೋದು ಅನ್ನೋ ಉತ್ತರ ಸಿಕ್ಕಿತು ಅಂತ ಹಲವರು ಆಮೇಲೆ ಸಾಕ್ಷಿ ನುಡಿದಿದ್ದಾರೆ.

900ಕ್ಕೂ ಹೆಚ್ಚು ಜನ ಕಳ್ಳತನ, ಸುಳ್ಳು ಲೆಕ್ಕದಂಥ ಆರೋಪದಲ್ಲಿ ಶಿಕ್ಷೆಗೊಳಗಾದರು. ಹಲವರು ಜೈಲಿಗೆ ಹೋದರು. ಮನೆ ಮಾರಿಕೊಂಡವರಿದ್ದಾರೆ, ಜೀವ ಕಳೆದುಕೊಂಡವರೂ ಇದ್ದಾರೆ. ವ್ಯವಸ್ಥೆಯಲ್ಲಿ ದೋಷಗಳಿದ್ದವು ಅಂತ ಹೈಕೋರ್ಟ್ 2019ರಲ್ಲಿ ತೀರ್ಪು ಕೊಟ್ಟಿತು. 2024ರಲ್ಲಿ ಸಂಸತ್ತು ವಿಶೇಷ ಕಾನೂನು ಮಾಡಿ ನೂರಾರು ಶಿಕ್ಷೆಗಳನ್ನು ರದ್ದು ಮಾಡಿತು. ದೋಷ ಇಲ್ಲದ ಸಾಫ್ಟ್‌ವೇರ್ ಯಾವುದೂ ಇಲ್ಲ ಅನ್ನೋದು ಎಂಜಿನಿಯರಿಂಗ್ ಓದಿದ ಯಾರಿಗಾದರೂ ಗೊತ್ತು. ಆ ಸಂಸ್ಥೆ ಯಂತ್ರವನ್ನು ನಂಬಿ, ಅದರ ಮುಂದೆ ಕೂತ ನೂರಾರು ಜನರನ್ನು ವರ್ಷಗಟ್ಟಲೆ ಸುಳ್ಳರು ಅಂತ ತಿಳಿದುಕೊಂಡಿತ್ತು.

ಕಾನೂನು ಏನು ಹೇಳುತ್ತೆ?

ನಮ್ಮ 1947ರ ಕೈಗಾರಿಕಾ ವಿವಾದಗಳ ಕಾಯ್ದೆಯ ಸೆಕ್ಷನ್ 9ಎ ಪ್ರಕಾರ, ಕೆಲವು ವಿಷಯಗಳಲ್ಲಿ ಸೇವಾ ಷರತ್ತು ಬದಲಿಸುವ ಮುನ್ನ ಮಾಲೀಕರು ಕಾರ್ಮಿಕರಿಗೆ 21 ದಿನದ ನೋಟಿಸ್ ಕೊಡಬೇಕಿತ್ತು. ಕಾಯ್ದೆಯ ನಾಲ್ಕನೇ ಅನುಸೂಚಿಯ ಆ ಪಟ್ಟಿಯಲ್ಲಿ, ಕೆಲಸ ಕಡಿತಕ್ಕೆ ದಾರಿಯಾಗಬಹುದಾದ ಯಂತ್ರ ಅಥವಾ ವಿಧಾನದ ಸುಧಾರಣೆಯೂ ಸೇರಿತ್ತು. ಹೊಸ ತಂತ್ರಜ್ಞಾನದ ಬಗ್ಗೆ ಮೊದಲೇ ತಿಳಿಸಬೇಕು ಅನ್ನೋ ಆಲೋಚನೆ ನಮ್ಮ ಕಾನೂನಿಗೆ ಹೊಸದಲ್ಲ ಅಂತಾಯ್ತು.

2025ರ ನವೆಂಬರ್ 21ರಿಂದ ಕೈಗಾರಿಕಾ ಸಂಬಂಧಗಳ ಸಂಹಿತೆ, 2020 ಜಾರಿಗೆ ಬಂದಿದೆ. ಬದಲಾವಣೆಯ ನೋಟಿಸ್ ಅಲ್ಲಿಯೂ ಇದೆ: ಸೆಕ್ಷನ್ 40 ಮತ್ತು ಮೂರನೇ ಅನುಸೂಚಿ. ಆದರೆ ಬೇರೆ ಕಡೆ ಹಿಡಿತ ಸಡಿಲಾಗಿದೆ. ಕಾರ್ಮಿಕರನ್ನು ಕಡಿತ ಮಾಡಲು ಸರ್ಕಾರದ ಅನುಮತಿ ಬೇಕಾದ ಮಿತಿ 100 ಕಾರ್ಮಿಕರಿಂದ 300ಕ್ಕೆ ಏರಿದೆ. ಆ ಅಧ್ಯಾಯ ಅನ್ವಯಿಸುವುದೂ ಕಾರ್ಖಾನೆ, ಗಣಿ, ಪ್ಲಾಂಟೇಶನ್‌ಗಳಿಗೆ ಮಾತ್ರ, ಟೆಕ್ ಪಾರ್ಕಿಗಲ್ಲ. ಹೊಸದಾಗಿ ಸೇರಿದ್ದು ಮರುಕೌಶಲ ನಿಧಿ: ಕಡಿತಗೊಂಡ ಪ್ರತಿ ಕಾರ್ಮಿಕನ ಹೆಸರಿನಲ್ಲಿ ಮಾಲೀಕರು 15 ದಿನದ ವೇತನದಷ್ಟು ಹಣ ಕಟ್ಟಬೇಕು. ಹದಿನೈದು ದಿನದ ಸಂಬಳದಲ್ಲಿ ಬೆಂಗಳೂರಿನಲ್ಲಿ ಯಾವ ಹೊಸ ವಿದ್ಯೆ ಕಲಿಯಬಹುದು, ನೀವೇ ಲೆಕ್ಕ ಹಾಕಿ.

ಐಟಿಯ ಕಥೆ ಇನ್ನೂ ಬೇರೆ. ಕರ್ನಾಟಕ ಸರ್ಕಾರ ಈ ಉದ್ಯಮಕ್ಕೆ 1946ರ ಸ್ಥಾಯಿ ಆದೇಶಗಳ ಕಾಯ್ದೆಯಿಂದ ಮತ್ತೆ ಮತ್ತೆ ವಿನಾಯಿತಿ ಕೊಡುತ್ತಾ ಬಂತು. ಮ್ಯಾನೇಜರ್ ಅನ್ನೋ ಪದನಾಮ ಹೊತ್ತವರು ಕಾನೂನಿನ ಪ್ರಕಾರ ‘ಕಾರ್ಮಿಕ’ರಾ ಅನ್ನೋದೇ ವಾದದ ವಿಷಯ. 2025ರ ಜುಲೈನಲ್ಲಿ ಟಿಸಿಎಸ್ ತನ್ನ ಸಿಬ್ಬಂದಿಯಲ್ಲಿ ಸುಮಾರು ಶೇ. 2, ಅಂದರೆ 12 ಸಾವಿರದಷ್ಟು ಜನರನ್ನು, ಮುಖ್ಯವಾಗಿ ಮಧ್ಯಮ ಮತ್ತು ಹಿರಿಯ ಹಂತದವರನ್ನು ಕಡಿತ ಮಾಡೋದಾಗಿ ಹೇಳಿತು. ಎಐ ಕಾರಣ ಅಲ್ಲ, ಕೌಶಲ ಹೊಂದಾಣಿಕೆಯ ಸಮಸ್ಯೆ ಅನ್ನೋದು ಕಂಪನಿಯ ವಿವರಣೆ. ಐಟಿ ನೌಕರರ ಸಂಘ ಕೆಐಟಿಯು ಕಾರ್ಮಿಕ ಇಲಾಖೆಗೆ ದೂರು ಕೊಟ್ಟಿತು. ಊರಿಗೆಲ್ಲ ಆಟೊಮೇಷನ್ ಹಂಚಿದ ಉದ್ಯಮದಲ್ಲಿ, 1983ರ ಬ್ಯಾಂಕ್ ಗುಮಾಸ್ತರಿಗಿದ್ದಷ್ಟು ಚೌಕಾಸಿಯ ಶಕ್ತಿಯೂ ಇವತ್ತಿನ ಎಂಜಿನಿಯರ್‌ಗಿಲ್ಲ.

ಆದರೆ ಇದು ಅಸಾಧ್ಯವೇನಲ್ಲ. ಹಾಲಿವುಡ್ ಚಿತ್ರಕಥೆಗಾರರ ಸಂಘ 2023ರಲ್ಲಿ 148 ದಿನ ಮುಷ್ಕರ ನಡೆಸಿ ಎಐ ಬಗ್ಗೆ ಲಿಖಿತ ಷರತ್ತು ಪಡೆಯಿತು. ಎಐ ಬಳಸಲೇಬೇಕು ಅಂತ ಲೇಖಕರನ್ನು ಒತ್ತಾಯಿಸುವಂತಿಲ್ಲ. ಕೊಟ್ಟ ಸಾಮಗ್ರಿ ಎಐ ತಯಾರಿಸಿದ್ದಾದರೆ ಅದನ್ನು ಹೇಳಬೇಕು. ಎಐ ನಿಷೇಧಿಸಿ ಅಂತ ಅವರು ಹಟ ಹಿಡಿಯಲಿಲ್ಲ. ಬಳಕೆಯ ನಿಯಮ ಬರೆಯುವಾಗ ನಾವೂ ಇರಬೇಕು ಅಂದರು.

ನಿಮ್ಮ ಆಫೀಸಿನಲ್ಲಿ ಕೇಳಬೇಕಾದ ಆರು ಪ್ರಶ್ನೆ

ಹೊಸ ವ್ಯವಸ್ಥೆ ಬರ್ತಿದೆ ಅಂತ ಇಮೇಲ್ ಬಂದಾಗ ಇವನ್ನು ಕೇಳಿ. ಒಬ್ಬರೇ ಕೇಳಬೇಡಿ, ನಾಲ್ಕು ಜನ ಸೇರಿ ಕೇಳಿ.

1. ತೀರ್ಮಾನ ಆಗಿದೆಯಾ, ಆಗಬೇಕಿದೆಯಾ? ಆಗಿದ್ದರೆ ‘ಅಭಿಪ್ರಾಯ ಸಂಗ್ರಹ’ ಬರೀ ಶಾಸ್ತ್ರ.

2. ಆ ಕೆಲಸವನ್ನು ದಿನವೂ ಮಾಡುವವರಲ್ಲಿ ಯಾರು ಯೋಜನೆಯ ತಂಡದಲ್ಲಿದ್ದಾರೆ? ಅವರ ಮ್ಯಾನೇಜರ್ ಇದ್ದಾರೆ ಅನ್ನೋದು ಉತ್ತರವಾಗದು.

3. ಉಳಿಯುವ ಸಮಯ ಮತ್ತು ಹಣ ಯಾರಿಗೆ ಹೋಗುತ್ತೆ? ಕೆಲಸದ ಹೊತ್ತು ಕಡಿಮೆಯಾಗುತ್ತಾ, ಸಂಬಳ ಹೆಚ್ಚುತ್ತಾ, ಅಥವಾ ಟಾರ್ಗೆಟ್ ಮಾತ್ರ ಏರುತ್ತಾ?

4. ಯಂತ್ರ ಹೇಳಿದ್ದು ತಪ್ಪು ಅಂತ ಅನಿಸಿದರೆ ಯಾರಿಗೆ ಹೇಳಬೇಕು? ಅವರು ಎಷ್ಟು ದಿನದಲ್ಲಿ ಉತ್ತರ ಕೊಡಬೇಕು? ಅಲ್ಲಿಯವರೆಗೆ ತಪ್ಪಿನ ಹೊಣೆ ಯಾರ ತಲೆ ಮೇಲೆ?

5. ಕಲಿಯಲು ಕೆಲಸದ ಹೊತ್ತಿನಲ್ಲೇ ಸಮಯ ಸಿಗುತ್ತಾ? ‘ರಾತ್ರಿ ಮನೆಯಲ್ಲಿ ಕೋರ್ಸ್ ಮುಗಿಸಿ’ ಅನ್ನೋದು ತರಬೇತಿ ಅಲ್ಲ, ಸಂಬಳ ಇಲ್ಲದ ದುಡಿಮೆ.

6. ಗುತ್ತಿಗೆಯವರು, ಹೌಸ್‌ಕೀಪಿಂಗ್, ಮುಂದಿನ ವರ್ಷ ಸೇರಬೇಕಾದ ಫ್ರೆಶರ್‌ಗಳು: ಇವರ ಬಗ್ಗೆ ಯೋಜನೆಯಲ್ಲಿ ಒಂದು ಸಾಲಾದರೂ ಇದೆಯಾ?

ಎಲ್ಲ ವಿರೋಧವೂ ಸರಿ ಅಂತ ನಾನು ಹೇಳ್ತಿಲ್ಲ. ಕೆಲವೊಮ್ಮೆ ಜನ ತಮ್ಮ ಸಣ್ಣ ಅಧಿಕಾರ ಉಳಿಸಿಕೊಳ್ಳೋಕೆ ಅಡ್ಡ ನಿಲ್ತಾರೆ. ಕಡತ ಕಂಪ್ಯೂಟರ್‌ಗೆ ಬಂದರೆ ಮೇಜಿನ ಕೆಳಗಿನ ಆದಾಯ ನಿಲ್ಲುತ್ತೆ ಅಂತ ಬೇಡ ಅನ್ನೋರೂ ಇದ್ದಾರೆ. ಆದರೆ ಯಾವುದು ಸ್ವಾರ್ಥ, ಯಾವುದು ಅನುಭವ ಅಂತ ತಿಳಿಯೋದು ಕೇಳಿಸಿಕೊಂಡ ಮೇಲೆ ತಾನೇ? ಕೇಳುವ ಮೊದಲೇ ಬಣ್ಣ ಹಚ್ಚಿದರೆ ಎರಡೂ ಒಂದೇ ಥರ ಕಾಣುತ್ತವೆ.

ಆ ಗೋದಾಮಿನ ಯೋಜನೆ ‘ಯಶಸ್ವಿ’ ಅಂತ ನಮ್ಮ ವರದಿಯಲ್ಲಿ ದಾಖಲಾಯಿತು. ಒಂದೆರಡು ತಿಂಗಳಲ್ಲಿ ಆ ಸೂಪರ್‌ವೈಸರ್‌ಗೆ ಗೇಟಿನ ಹತ್ತಿರದ ಕೆಲಸ ಕೊಟ್ಟರು, ಅಲ್ಲಿ ಸ್ಕ್ಯಾನರೂ ಇಲ್ಲ, ಪುಸ್ತಕವೂ ಇಲ್ಲ. ಸಾಫ್ಟ್‌ವೇರ್‌ನ ಮುಂದಿನ ಆವೃತ್ತಿಯಲ್ಲಿ ‘ಹಾನಿಯಾದ ಡಬ್ಬ’ ಅಂತ ಹೊಸ ಬಟನ್ ಸೇರಿಸಿದ್ದು ನಾನೇ. ಅದಕ್ಕೆ ತಂಡದಲ್ಲಿ ನನಗೆ ಶಹಬ್ಬಾಸ್‌ಗಿರಿಯೂ ಸಿಕ್ಕಿತು. ಆ ಯೋಚನೆ ಯಾರದು ಅಂತ ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.